ಚಪ್ಪಾಳಿ ಹೊಡೀಬ್ಯಾಡ್ರಿ ಅಂದ ದಿನ

ನಮ್ಮ ಮನಿಯವ್ರು ನನ್ನ ನೋಡಾಕ ಬಂದ ದಿನ ನನ್ನ ಕಡಿ ನೋಡಲೇ ಇಲ್ಲ. ಗ್ವಾಡಿ ಮ್ಯಾಲ ಒಂದು ಕ್ಯಾಲೆಂಡರ್ ಇತ್ತು. ಅದನ್ನ ನೋಡಿದ್ರು, ಉಪ್ಪಿಟ್ಟು ತಿಂದ್ರು, ಎದ್ದು ಹೋದ್ರು. ಹುಡುಗನ ಮನಸ್ಸಿಗಿ ಬಂದಿಲ್ಲ ಅಂತ ತಿಳಕೊಂಡು ನಮ್ಮಪ್ಪ ಬ್ಯಾರೆ ಕಡಿ ವರ ಹುಡುಕಾಕ ಹತ್ತಿದ್ರು. ವಾರದಾಗ ಅವ್ರ ಮನಿಯಿಂದ ಮಾತು ಬಂತು, ಹುಡುಗಿ ಬಾಳ ಪಸಂದ ಬಿದ್ದಾಳ ಅಂತ. ಲಗ್ನ ಆದ ಮ್ಯಾಲ ನಾ ಕೇಳಿದೆ, ಹಂಗ್ಯಾಕ ಮಾರಿ ಮಾಡ್ಕೊಂಡು ಕುಂತಿದ್ರಿ ಆವತ್ತು? "ಮಾಲು ಮನಸ್ಸಿಗಿ ಬಂತಂದ್ರ ಮಾಲಿನ ಕಡಿ ನೋಡಬಾರದು" ಅಂದ್ರು. ಮಾಲು ಅಂತ! ಹೊಸ ಹೆಂಡ್ತಿಗಿ ಹೇಳೋ ಮಾತೇನ್ರೀ ಅದು? ಎರಡು ದಿನ ಮಾತು ಬಿಟ್ಟಿದ್ದೆ. ಅವ್ರಿಗಿ ಅದೂ ಗೊತ್ತಾಗಲಿಲ್ಲ ಬಿಡ್ರಿ.

ಅವ್ರದು ನೆಹರು ಗಂಜಿನ್ಯಾಗ, ಅಂದ್ರ ಕಾಳಿನ ಪ್ಯಾಟ್ಯಾಗ, ಅಂಗಡಿ. ರೈತರು ತೊಗರಿ ತಂದು ಅಂಗಡಿ ಮುಂದ ರಾಶಿ ಹಾಕ್ತಾರ, ನಮ್ಮ ಮನಿಯವ್ರಂಥಾ ಖರೀದಿ ಮಾಡೋವ್ರು ಬಂದು ಮುಷ್ಟಿ ಕಾಳು ಎತ್ತಿ ನೋಡ್ತಾರ, ರೇಟು ಕೂಗಿ ಲಿಲಾವ ಆಗ್ತದ. ಅಲ್ಲಿ ಒಳ್ಳೆ ಕಾಳು ನೋಡಿ ಯಾರೂ ವಾಹ್ ಅನ್ನೋದಿಲ್ಲ. ಕಾಳು ಚಲೋ ಇದ್ದಷ್ಟೂ ಮಾರಿ ಹುಳ್ಳಗ ಮಾಡ್ತಾರ. ಒಂದು ಕಾಳು ಬಾಯಾಗ ಹಾಕಿ ಕಡದು ಉಗುಳ್ತಾರ, ಹಸಿ ಅದ ಅಂತಾರ, ಮುಂದಿನ ಅಂಗಡಿ ಕಡಿ ನಾಕು ಹೆಜ್ಜಿ ಹಾಕ್ತಾರ. ಬ್ಯಾಡಾದ ರಾಶಿ ಮುಂದ ಮಾತ್ರ ನಿಂತು ಹೊಗಳಿದ್ದೇ ಹೊಗಳಿದ್ದು, ಎದುರಿನಂವ ಅದರ ಹಿಂದ ಬೀಳ್ಲಿ ಅಂತ. ಹಗಲೆಲ್ಲ ಇದನ್ನ ಮಾಡಿ ಮಾಡಿ ನಮ್ಮ ಮನಿಯವ್ರಿಗಿ ಮನಿಯಾಗೂ ಅದೇ ಮಾರಿ ಗಟ್ಟಿ ಆಗಿಬಿಟ್ಟದ. ಪುಂಡಿ ಪಲ್ಯ ಎರಡು ಸಲ ಹಾಕಿಸ್ಕೊಂಡು ತಿಂತಾರ, ಚಲೋ ಆಗ್ಯಾದ ಅಂತ ಬಾಯಿ ಬಿಡೋದಿಲ್ಲ. ಸುಡ್ಲಿ ಆ ಗಂಜಿನ ಮಾರಿ!

ಫುಟ್ಬಾಲಿನ ಹುಚ್ಚು ನನಗ ಹಚ್ಚಿದಾಕಿ ನಮ್ಮ ಖೂಬಾ ಪ್ಲಾಟ್ ಓಣ್ಯಾಗ ಬಾಜೂ ಮನಿ ಆಪಾ. ಅಕಿ ಹೊಲಿಗಿ ಕೆಲಸ ಮಾಡ್ತಾಳ. ಅಣ್ಣ ತಮ್ಮಂದಿರೆಲ್ಲ ಆಡಿದವ್ರು, ಅದಕ್ಕ ಅಕಿಗಿ ಆಟದ ಕಾಯ್ದೆ ಎಲ್ಲಾ ಬಾಯಿಪಾಠ. ಕೆಲವು ವರ್ಷದ ಹಿಂದ ನಮ್ಮ ಭಾಗದ ಆರು ಊರು ಸೇರಿ ಒಂದು ಲೀಗ್ ಶುರು ಮಾಡಿದ್ರು. ಊರಿಗೊಂದು ಟೀಮು, ಆಡೋವ್ರಿಗಿ ಪಗಾರ. ನಮ್ಮ ಕಲಬುರಗಿದು ಹಳದಿ ಅಂಗಿ. "ಬಾಯಿ, ಮನಿಯಾಗ ಕುಂತು ಧಾರಾವಾಹಿ ಏನು ನೋಡ್ತಿ, ಗ್ರೌಂಡಿಗಿ ನಡಿ" ಅಂತ ನನ್ನ ಎಳಕೊಂಡು ಹೋದಳು. ಮೊದಲ ಮ್ಯಾಚಿನ್ಯಾಗ ನಾ ಚುರುಮುರಿ ತಿಂದದ್ದಷ್ಟೇ ನೆನಪದ. ಮೂರನೇ ಮ್ಯಾಚಿಗಿ ರೆಫ್ರಿಗಿ ಬೈಯಾಕ ಹತ್ತಿದ್ದೆ. ನಮ್ಮನ್ನ ಕಾರಿನ್ಯಾಗ ಬಿಡಾಕಂತ ಬರೋ ನಮ್ಮ ಮನಿಯವ್ರು ಗೇಟಿನ ತನಕ, ಆಮ್ಯಾಲ ಒಳಗಿನ ತನಕ, ಆಮ್ಯಾಲ ನಮ್ಮ ಬಾಜೂ ಕುರ್ಚಿ ತನಕ ಬಂದ್ರು. ಕೇಳಿದ್ರ, "ಹೊರಗ ಬಿಸಲು ಬಾಳ ಅದ" ಅಂತಿದ್ರು. ಮ್ಯಾಚು ನಡೆಯೋದು ಸಂಜಿ ಮುಂದ!

ಆದ್ರ ಅವ್ರು ನೋಡ್ತಿದ್ದದ್ದು ಯಾರನ್ನ ಅಂತ ನನಗ ಗೊತ್ತಿತ್ತು. ನಮ್ಮ ಗೋಲ್ ಕೀಪರ್‌ನ. ಕಮಲಾಪುರದಂವ, ಮೂವತ್ತು ದಾಟ್ಯಾನ, ಉದ್ದನ ಕೈ, ಮಾತು ಕಮ್ಮಿ. ಬ್ಯಾರೆ ಕೀಪರ್‌ಗೋಳು ಬಾಲು ಹಿಡದ ಮ್ಯಾಲ ಎದ್ದು ಕುಣಿತಾರ, ಇಂವ ಸುಮ್ನ ಬಾಲಿನ ಧೂಳು ಒರಸ್ತಾನ. ಹೋದ ಸಲ ಫೈನಲಿನ್ಯಾಗ ಕೊನೆ ಪೆನಾಲ್ಟಿ ಹಿಡದು ನಮ್ಮನ್ನ ಗೆಲ್ಲಿಸಿದಂವ ಅವನೇ. ಆವತ್ತು ಇಡೀ ಗ್ರೌಂಡು ಕುಣಿಯಾಕತ್ತಿತ್ತು, ನಮ್ಮ ಮನಿಯವ್ರು ಶಲ್ಯದಾಗ ಮಾರಿ ಮುಚ್ಕೊಂಡು ಕುಂತಿದ್ರು. ಕಣ್ಣಾಗ ಕಸ ಬಿದ್ದಿತ್ತಂತ.

ಮರುವರ್ಷ ಲೀಗಿನವ್ರು ಕಾಯ್ದೆ ಬದಲು ಮಾಡಿದ್ರು. ಆಟಗಾರರೆಲ್ಲ ಮತ್ತ ಒಂದ ಕಡಿ ಬರಬೇಕು, ಆರೂ ಟೀಮಿನವ್ರು ಪಾಳಿ ಪ್ರಕಾರ ಒಬ್ಬೊಬ್ಬರನ್ನ ಆರಿಸ್ಕೋಬೇಕು. ಇದಕ್ಕ ಡ್ರಾಫ್ಟ್ ಅಂತಾರ. ಲಿಲಾವ ಅಲ್ಲ ಇದು, ರೊಕ್ಕ ಕೂಗೋ ಹಂಗಿಲ್ಲ, ಪಗಾರ ಎಲ್ಲರಿಗೂ ಮೊದಲೇ ಠರಾವು ಆಗಿರ್ತದ. ಹೋದ ಸಲ ಸೋತವ್ರಿಗಿ ಮೊದಲ ಪಾಳಿ, ಗೆದ್ದವ್ರಿಗಿ ಕಡೀ ಪಾಳಿ. ಅಂದ್ರ ನಮಗ ಕಡೀದು. ಎರಡನೇ ಸುತ್ತು ಉಲ್ಟಾ ಶುರು ಆಗ್ತದ, ಹಿಂಗಾಗಿ ಕಡೀಯವ್ರಿಗಿ ಬೆನ್ನಿಗಿ ಬೆನ್ನು ಎರಡು ಪಾಳಿ ಸಿಗ್ತಾವ. ಆದ್ರ ಅಷ್ಟೊತ್ತಿಗಿ ಐದು ಊರಿನವ್ರು ತಮಗ ಬೇಕಾದವ್ರನ್ನ ಎತ್ಕೊಂಡು ಹೋಗಿರ್ತಾರ. ಫೈನಲಿನ ಕೀಪರ್‌ನ ಬಿಡ್ತಾರೇನು? ನಾವು ಗೆದ್ದದ್ದೇ ನಮಗ ಮುಳುವಾತು.

ಡ್ರಾಫ್ಟಿಗಿ ಒಂದು ವಾರ ಇರೋವಾಗ ನಾವು ಮೂವರೂ ಕಮಲಾಪುರಕ್ಕ ಹೋದ್ವಿ. ಕೆಂಪು ಬಾಳಿಹಣ್ಣು ತರಾಕ ಅಂತ ನೆವ. ಕೀಪರ್‌ನ ಮನಿ ಬಾಳಿ ತ್ವಾಟದ ದಂಡ್ಯಾಗ ಅದ. ನಾವು ಹೋದಾಗ ಅಂವ ಅವರಪ್ಪನ ಜಳಕ ಮಾಡಿಸಾಕತ್ತಿದ್ದ. ಅಪ್ಪ ಹಳೆ ಪೈಲ್ವಾನ. ಲಕ್ವಾ ಹೊಡದು ಒಂದು ಮಗ್ಗಲ ಹೋಗಿದ್ರೂ ಮೈ ಮಾತ್ರ ಪೈಲ್ವಾನದ್ದೇ. ಮಗ ಒಂದು ಕೈ ಬೆನ್ನ ಹಿಂದ, ಒಂದು ಕೈ ಮೊಳಕಾಲ ಕೆಳಗ ಹಾಕಿ ಎತ್ತಿ ಹೊರಸಿನ ಮ್ಯಾಲ ಬಿಸಲಿಗಿ ಮಲಗಿಸಿದ. ಅಪ್ಪ ಸೊಟ್ಟ ಬಾಯಿಲೆ ನಕ್ಕು ನಮ್ಮ ಮನಿಯವ್ರಿಗಿ ಏನೋ ಅಂದ್ರು, ಮಗ ಅರ್ಥ ಮಾಡಿ ಹೇಳಿದ: "ಫೈನಲ್ ನೋಡಿದ್ರೇನು ಅಂತ ಕೇಳಾಕತ್ತಾರ್ರಿ." ಎಲ್ಲರಿಗೂ ಅದನ್ನೇ ಕೇಳ್ತಾರಂತ.

ಕೀಪರ್‌ನ ಹೆಂಡ್ತಿ ಚಹಾ ತಂದಳು. ಸೊಂಟದ ಮ್ಯಾಲ ಕೂಸು, ಇನ್ನೂ ಹಲ್ಲು ಬಂದಿಲ್ಲ. "ನಾ ಒಂದ ಸಲ ಮಾವನ್ನ ಎಬ್ಬಸಾಕ ಹೋಗಿ ಇಬ್ಬರೂ ಬಿದ್ದಿದ್ವಿ ನೋಡ್ರಿ ಕಾಕು" ಅಂತ ನಕ್ಕಳು. ಅಕಿಗಿ ನಗು ಬಂದಿತ್ತು, ನನಗ ಬರಲಿಲ್ಲ.

ನಾನೇ ಕೇಳಿದೆ. "ರಾಯಚೂರಿನವ್ರು ನಿನ್ನ ತಗೊಂಡ್ರ ಏನು ಮಾಡ್ತೀಯಪ್ಪಾ?"

"ಆಟ ಬಿಡ್ತೀನ್ರಿ ಕಾಕು" ಅಂದ. ಊಟಾತ್ರಿ ಅಂದಂಗ ಅಂದ. "ಆರಿಸಿದವ್ರ ಕಡಿ ಹೋಗಲಿಲ್ಲಂದ್ರ ಎರಡು ವರ್ಷ ಆಡೋ ಹಂಗಿಲ್ಲ, ಕಾಯ್ದೆ ಅದ. ಎರಡು ವರ್ಷ ಆದ ಮ್ಯಾಲ ನನ್ನ ಯಾರು ಕೇಳ್ತಾರ? ಕಲಬುರಗಿ ಆದ್ರ ಮುಂಜಾನಿ ಅಪ್ಪಂದು ಮುಗಿಸಿ ಬಸ್ ಹಿಡದು ಬರ್ತೀನಿ, ಸಂಜಿಗಿ ಮನಿಗಿ ಬರ್ತೀನಿ. ಬ್ಯಾರೆ ಊರಾಗ ಮೂರು ತಿಂಗಳು ಇರಾಕ ಆಗ್ತದೇನ್ರಿ? ಅಪ್ಪನ್ನ ಎತ್ತೋ ಕೈ ಇವು. ಬಾಲು ಹಿಡಿಯೋದು ಆಮ್ಯಾಲ."

ಆಪಾನ ಕಣ್ಣು ತುಂಬಿ ಬಂದ್ವು. ನಮ್ಮ ಮನಿಯವ್ರು ಬಾಳಿಗೊನಿ ಕಡಿ ನೋಡಿ, "ಹಣ್ಣು ಈ ಸಲ ಸಣ್ಣ ಅವ" ಅಂದ್ರು. ನನಗ ಎಲ್ಲಿತ್ತೋ ಸಿಟ್ಟು! ಆದ್ರ ವಾಪಸ ಬರೋವಾಗ ಅವ್ರು ಕಾರು ಬಾಳ ಮೆಲ್ಲಗ ಹೊಡದ್ರು. ಮನಿ ಮುಂದ ಕಾರು ನಿಲ್ಲಿಸಿ, ಸ್ಟೇರಿಂಗ್ ಮ್ಯಾಲ ಕೈ ಇಟ್ಟು, "ಅವನ್ನ ಉಳಿಸ್ಕೋಬೇಕು. ಗಂಜಿನ ರೀತಿ ಮಾಡೂಣು" ಅಂದ್ರು.

ಗಂಜಿನ ರೀತಿ ಅಂದ್ರ ಏನು ಅಂತ ನಿಮಗ ಬಿಡಿಸಿ ಹೇಳಬೇಕಿಲ್ಲ. ಡ್ರಾಫ್ಟ್ ನೋಡಾಕ ಅಭಿಮಾನಿಗಳಿಗಿ ಹಾಲಿನ್ಯಾಗ ಜಾಗ ಕೊಡ್ತಾರ. ಮೊದಲು ಒಬ್ಬೊಬ್ಬ ಆಟಗಾರನ್ನ ಸ್ಟೇಜಿಗಿ ಕರದು ತೋರಸ್ತಾರ, ಮಂದಿ ಚಪ್ಪಾಳಿ ಹೊಡೀತಾರ, ಮಾಲಕರು ಆ ಚಪ್ಪಾಳಿ ಮ್ಯಾಲೂ ಒಂದು ಕಣ್ಣು ಇಟ್ಟಿರ್ತಾರ. ನಮ್ಮ ಮನಿಯವ್ರ ಹಂಚಿಕಿ ಇಷ್ಟೇ. ನಮ್ಮ ಕೀಪರ್ ಬಂದಾಗ ಒಬ್ಬರೂ ಚಪ್ಪಾಳಿ ಹೊಡೀಬಾರದು, ಬ್ಯಾಸರ ಬಂದವ್ರಂಗ ಕುಂದರಬೇಕು. ಇನ್ನೊಬ್ಬ ಕೀಪರ್ ಯಾವನಾರ ಬಂದ್ರ ಹಾಲಿನ ಛತ್ತು ಹಾರಿ ಹೋಗೋಹಂಗ ಕೂಗಬೇಕು. ತವರೂರಿನವ್ರಿಗೇ ಬ್ಯಾಡಾದ ಮಾಲು ಅಂತ ಐದೂ ಊರಿನವ್ರು ಅವನ್ನ ಬಿಡ್ತಾರ, ನಮ್ಮ ಪಾಳಿಗಿ ಅಂವ ಸಿಗ್ತಾನ.

ನಮ್ಮ ಹಳದಿ ಮಂದಿ ಅಂದ್ರ ಯಾರು? ಗಂಜಿನ ಅಂಗಡಿಯವ್ರು, ಹಮಾಲರು, ನಂದೂರಿನ ದಾಲ್ ಮಿಲ್ಲಿನವ್ರು. ಅವ್ರಿಗಿ ಇದನ್ನ ಎರಡು ಸಲ ಹೇಳೋ ಗರಜೇ ಬೀಳಲಿಲ್ಲ. ಒಂದು ಮಾತಿಗಿ ಎಲ್ಲರೂ, "ಬರೋಬ್ಬರಿ ಅದರೀ ಸಾವ್ಕಾರ್ರ" ಅಂದ್ರು. ನಾ ಒಬ್ಬಾಕಿ, "ಆ ಕೀಪರ್‌ಗಾದ್ರೂ ಒಂದು ಮಾತು ಹೇಳ್ರಿ" ಅಂದೆ. "ತೊಗರಿಗಿ ಹೇಳಿ ಲಿಲಾವ ಮಾಡ್ತಾರೇನು? ಹೇಳಿದ್ರ ಅವನ ಮಾರಿ ಮ್ಯಾಲೇ ಗೊತ್ತಾಗ್ತದ" ಅಂದ್ರು. ಮಾತು ಬೆಳ್ಳಿ, ಮೌನ ಬಂಗಾರ ಅಂತ ಮ್ಯಾಲ ಒಂದು ಗಾದಿ ಬ್ಯಾರೆ. ಆಪಾ ಮಾತ್ರ, "ಮೈ ಚುಪ್ ನೈ ಬೈಠ್ ಸಕತೀ ಜೀ, ಸುಮ್ನ ಕುಂದರಾಕ ನನಗ ಆಗಾಂಗಿಲ್ಲ, ಬಾಯಾಗ ಓಢಣಿ ತುರುಕೋತೀನಿ" ಅಂತ ಒಪ್ಪಿಕೊಂಡಳು.

ಡ್ರಾಫ್ಟ್ ಇಟ್ಟದ್ದು ಒಂದು ಲಗ್ನದ ಹಾಲಿನ್ಯಾಗ, ಐತವಾರ ಮುಂಜಾನಿ. ಕುರ್ಚಿಗಿ ಬಿಳಿ ಬಟ್ಟಿ, ಹಿಂದ ಗುಲಾಬಿ ರಿಬ್ಬನ್ನಿನ ಗಂಟು, ಒಳಗಿಂದ ಶಿರಾ ಉಪ್ಪಿಟ್ಟಿನ ವಾಸನಿ. ಮದುಮಕ್ಕಳು ಕುಂದರೋ ಸ್ಟೇಜಿನ ಮ್ಯಾಲ ದೊಡ್ಡ ಪರದೆ, ಕೆಳಗ ಆರು ಟೇಬಲ್ಲು, ಆರು ಊರಿನ ಮಾಲಕರು. ನಮ್ಮ ಟೀಮಿನ ಮಾಲಕರು ಆ ವರ್ಷ ಹೊಸಬರು, ಡಾಕ್ಟರು. ಒಳ್ಳೆ ಮನಸ್ಸಿನ ಮನಷಾ, ಆದ್ರ ಆಫ್‌ಸೈಡ್ ಅಂದ್ರ ಏನು ಅಂತ ಕೇಳಿದ್ರ ಕೋಚಿನ ಮಾರಿ ನೋಡ್ತಾರ. ನಾವು ಒಳಗ ಬಂದ ಕೂಡ್ಲೆ ನಮ್ಮ ಕಡಿ ಬಂದು ಕೈಮುಗದು, "ನಿಮ್ಮ ಸಲುವಾಗೇ ಟೀಮು ತಗೊಂಡೀನ್ರಿ. ನಿಮಗ ಯಾರು ಬೇಕು ಅವ್ರನ್ನೇ ತರ್ತೀನಿ" ಅಂದ್ರು. ನಮ್ಮ ಮನಿಯವ್ರೂ ಕೈಮುಗದ್ರು. ಅಷ್ಟೇ.

ಆಟಗಾರರೂ ಅವ್ರ ಮನಿಮಂದಿನೂ ಬಲಗಡಿ ಕುಂತಿದ್ರು. ಕಮಲಾಪುರದಂವ ಇಸ್ತ್ರಿ ಅಂಗಿ ಹಾಕ್ಕೊಂಡು ಬಂದಿದ್ದ, ಬಾಜೂಕ ಹೆಂಡ್ತಿ, ಕೂಸು. ನಮ್ಮನ್ನ ನೋಡಿ ಕೈ ಎತ್ತಿದ. ನಮ್ಮ ಮನಿಯವ್ರು ಫ್ಯಾನ್ ನೋಡಾಕ ಹತ್ತಿದ್ರು. ಅವರ ಹಿಂದಿನ ಸಾಲು ಪೂರಾ ಫ್ಯಾನ್ ನೋಡ್ತು. ನಾ ಸೆರಗು ಸರಿ ಮಾಡ್ಕೊಂಡೆ.

ಮೊದಲು ಯಾದಗಿರಿ ಕಡಿಯ ಒಬ್ಬ ಕೀಪರ್ ಬಂದ. ಇಪ್ಪತ್ತರ ಹರೇದಂವ, ತಲಿಗಿ ಎಣ್ಣಿ ಹಚ್ಚಿ ಬೈತಲಿ ತಗದಿದ್ದ, ಕಾಲಾಗ ಹೊಸ ಬೂಟು. ನಮ್ಮ ಮನಿಯವ್ರು ಸಣ್ಣಗ ಕೆಮ್ಮಿದ್ರು. ಕೆಮ್ಮಿದ್ದೇ ತಡ, ಹಲಗಿ ಬಡದ್ರು, ಝಂಡಾ ಬೀಸಿದ್ರು, ಆಪಾ ಸೀಟಿ ಹೊಡದಳು, ಹಮಾಲರು ಚೀಲ ಹೊರೋವಾಗ ಹಾಕೋ ಕೂಗು ಹಾಕಿದ್ರು. ಆ ಹುಡುಗ ಹೆದರಿ ಹಿಂದ ತಿರುಗಿ ನೋಡಿದ, ಯಾರಿಗಿ ಕೂಗಾಕತ್ತಾರ ಅಂತ. ತನಗೇ ಅಂತ ತಿಳಿದ ಮ್ಯಾಲ ಅವನ ಮಾರಿ ಹೆಂಗಾತು ಅಂದ್ರ, ನಾನೂ ಖರೇನೇ ಕೂಗಿಬಿಟ್ಟೆ ನೋಡ್ರಿ. ಎರಡೂ ಕೈ ಎತ್ತಿ ಮುಗದ ಪಾಪ.

ಆಮ್ಯಾಲ ನಮ್ಮಂವ. ಪರದೆ ಮ್ಯಾಲ ಹೋದ ಸಲದ ಪೆನಾಲ್ಟಿ ತೋರಿಸಿದ್ರು, ಅಂವ ಹಾರಿ ಹಿಡದದ್ದು. ಇಂಥಾದ್ದು ನೋಡಿ ಸುಮ್ನ ಕುಂದರೋದು ಎಷ್ಟು ಕಷ್ಟ ಅಂತ ಅದನ್ನ ಮಾಡಿದವ್ರಿಗೇ ಗೊತ್ತು. ಹಲಗಿ ಸುಮ್ನಾತು. ನಮ್ಮ ಮುಂದಿನಂವ ಮೊಬೈಲ್ ತಗದ. ಆಪಾ ಓಢಣಿ ಕಡಕೊಂಡು ಕಣ್ಣು ಮುಚ್ಚಿದಳು. ನಾ ಎರಡೂ ಕೈ ಸೆರಗಿನ್ಯಾಗ ಸುತ್ತಿ ತೊಡಿ ಕೆಳಗ ಇಟ್ಕೊಂಡೆ. ಆ ಹೊತ್ತಿನ್ಯಾಗ ಒಂದು ಚಪ್ಪಾಳಿ ಕೇಳಿಸ್ತು. ಒಬ್ಬರದೇ. ಅವನ ಹೆಂಡ್ತಿ. ಕೂಸು ತೊಡಿ ಮ್ಯಾಲಿಂದ ಜಾರಾಕತ್ತಿತ್ತು, ಅದನ್ನ ಮೊಳಕೈಲೆ ಒತ್ತಿ ಹಿಡಕೊಂಡು ಚಪ್ಪಾಳಿ ಹೊಡಿಯಾಕತ್ತಿದ್ದಳು. ಅತ್ತಾಗಿತ್ತಾಗ ನೋಡಿದಳು, ನಮ್ಮ ಕಡಿ ನೋಡಿದಳು, ಆದ್ರೂ ನಿಲ್ಲಸಲಿಲ್ಲ. "ಸಾಕ್ರೀ, ಇದು ಚಲೋ ಅಲ್ಲ" ಅಂತ ಗಂಡನ ಕಿವ್ಯಾಗ ಅಂದೆ. "ಸುಮ್ನಿರು" ಅಂದ್ರು. ಅಂದವ್ರು ಶಲ್ಯದ ಚುಂಗು ಬೆರಳಿಗಿ ಸುತ್ತಾಕತ್ತಿದ್ರು.

ಅಂವ ಸ್ಟೇಜ್ ಮ್ಯಾಲ ನಿಂತೇ ಇದ್ದ. ನಗು ಅರ್ಧಕ್ಕ ನಿಂತಿತ್ತು. ಕೆಳಗಿಳದು ಬಂದು ಹೆಂಡ್ತಿ ಕೈಯಾಗಿಂದ ಕೂಸು ಇಸಕೊಂಡ. ಆಮ್ಯಾಲ ಒಮ್ಮೆನೂ ನಮ್ಮ ಕಡಿ ತಿರುಗಿ ನೋಡಲಿಲ್ಲ.

ಪಾಳಿ ಶುರು ಆತು. ಮೊದಲ ಮೂರು ಊರಿನವ್ರು ಗೋಲ್ ಹೊಡಿಯೋ ಹುಡುಗರನ್ನ ಎತ್ಕೊಂಡ್ರು. ನಾಕನೇದು ರಾಯಚೂರು. ಅವ್ರಿಗಿ ಕೀಪರ್ ಬೇಕು ಅಂತ ಎಲ್ಲರಿಗೂ ಗೊತ್ತಿತ್ತು. ಅವ್ರ ಮಾಲಕ ನಮ್ಮ ಕೀಪರ್ ಕಡಿ ಬೆರಳು ಮಾಡಿ ಬಾಜೂದವ್ರಿಗಿ ಏನೋ ಅಂದ, ಎಲ್ಲರೂ ತಿರುಗಿ ನಮ್ಮನ್ನ ನೋಡಿದ್ರು. ನಮ್ಮ ಮನಿಯವ್ರು ಬಾಯಿ ಅಗಲ ತಗದು ಆಕಳಿಸಿದ್ರು. ಹಿಂದಿನ ಸಾಲಿನ್ಯಾಗೂ ನಾಕು ಮಂದಿ ಆಕಳಿಸಿದ್ರು. ರಾಯಚೂರಿನಂವ ತಲಿ ಅಳ್ಳಾಡಿಸಿ, "ಕೀಪರ್ ಆಮ್ಯಾಲ ನೋಡೂಣು" ಅಂತ ಬ್ಯಾರೆಯವನ್ನ ತಗೊಂಡ. ಐದನೆಯವ್ರೂ ಬಿಟ್ರು. ನಮ್ಮ ಮನಿಯವ್ರು ನನ್ನ ಮುಂಗೈ ಗಟ್ಟಿ ಹಿಡದ್ರು. ಬಳಿ ಒಂದು ಒಡೀತು.

ನಮ್ಮ ಡಾಕ್ಟರು ಎದ್ರು. ಕೋಚು ಅವ್ರ ಅಂಗಿ ಜಗ್ಗಿ ಏನೋ ಹೇಳಾಕತ್ತಿದ್ದ, ಅವ್ರು ಕೈ ಬಿಡಿಸ್ಕೊಂಡು ಮೈಕ್ ಹಿಡದ್ರು. "ನಮ್ಮ ಅಭಿಮಾನಿಗಳೇ ನನಗ ದೊಡ್ಡವ್ರು. ಅವ್ರ ಮನಸ್ಸಿನ್ಯಾಗ ಯಾರು ಇದಾರ ಅಂತ ಇವತ್ತು ಕಣ್ಣಾರೆ ಕಂಡೆ" ಅಂದು, ಆ ಯಾದಗಿರಿ ಹುಡುಗನ ಹೆಸರು ಹೇಳಿದ್ರು.

ಎಪ್ಪಾ! ಐದೂ ಊರಿನವ್ರನ್ನ ಯಾಮಾರಿಸೋ ಹಂಚಿಕಿ ಹಾಕಿದ್ವಿ, ನಮ್ಮ ಮಾಲಕರಿಗಿ ಒಂದು ಮಾತು ಹೇಳಿಡಬೇಕು ಅನ್ನೋದು ಅಷ್ಟು ಮಂದ್ಯಾಗ ಒಬ್ಬರ ತಲಿಗೂ ಹೊಳದಿರಲಿಲ್ಲ. ಗಂಜಿನ್ಯಾಗ ಕೊಳ್ಳೋವನೂ ತಾನೇ, ಮಾರಿ ಹುಳ್ಳಗ ಮಾಡೋವನೂ ತಾನೇ. ಇಲ್ಲಿ ಕೊಳ್ಳೋವ್ರು ಬ್ಯಾರೆ ಅನ್ನೋದೇ ಮರತಿದ್ವಿ. ಗಣಪತಿ ಮಾಡಾಕ ಹೋಗಿ ಅವರಪ್ಪನ್ನ ಮಾಡಿದಂಗಾತು. ಡಾಕ್ಟರು ಚಪ್ಪಾಳಿ ಬೀಳ್ತದ ಅಂತ ನಗಕೋತ ನಮ್ಮನ್ನೇ ನೋಡಾಕತ್ತಿದ್ರು. ಒಂದು ಕೈ ಮಿಸುಕಲಿಲ್ಲ.

ಬಲಗಡಿ ಕಮಲಾಪುರದಂವ ಎದ್ದ. ಕೂಸಿನ ಚೀಲ ಹೆಗಲಿಗಿ ಹಾಕ್ಕೊಂಡ. ಹೆಂಡ್ತಿ ಏನೋ ಅಂದಳು, ಅಂವ ತಲಿ ಅಳ್ಳಾಡಿಸಿ ಬಾಗಲ ಕಡಿ ನಡದ. ಪರದೆ ಮ್ಯಾಲ ನಮ್ಮ ಎರಡನೇ ಪಾಳಿಯ ಗಡಿಯಾರ ಓಡಾಕತ್ತಿತ್ತು. ಈ ಪಾಳಿ ತಪ್ಪಿದ್ರ ಮುಂದ ಒಂದ ಊರು ಬಿಟ್ಟು ರಾಯಚೂರಿನವ್ರೇ. ಡಾಕ್ಟರ ಕೈಯಾಗ ಮೈಕ್ ಇತ್ತು, ಅವ್ರ ಕಣ್ಣು ಗೋಲ್ ಹೊಡಿಯೋ ಒಬ್ಬ ಹುಡುಗನ ಮ್ಯಾಲ ಇತ್ತು.

ನನಗ ತಡಕೊಳ್ಳಾಕ ಆಗಲಿಲ್ಲ. "ಈಗಾದ್ರೂ ಬಾಯಿ ತಗೀರಿ! ನಿಮ್ಮ ಗಂಜು ಹಾಳಾಗಿ ಹೋಗ್ಲಿ, ಬಾಯಿ ತಗೀರಿ!" ಅಂದೆ.

ನಮ್ಮ ಮನಿಯವ್ರು ಎದ್ರು. ಎದ್ದವ್ರು ಆ ಬಿಳಿ ಬಟ್ಟಿ ಕುರ್ಚಿ ಮ್ಯಾಲ ಹತ್ತಿ ನಿಂತ್ರು. ಶಲ್ಯ ಕೆಳಗ ಬಿತ್ತು. "ಡಾಕ್ಟರ್ ಸಾಹೇಬ್ರ!" ಅಂತ ಕೂಗಿದ್ರು. ಅವ್ರಿಗಿ ಅಂಥಾ ದನಿ ಅದ ಅಂತ ಇಷ್ಟು ವರ್ಷ ಸಂಸಾರ ಮಾಡಿದ ನನಗೇ ಗೊತ್ತಿರಲಿಲ್ಲ. "ನಮಗ ಅಂವ ಬೇಕ್ರೀ! ಕಮಲಾಪುರದಂವ! ನಮಗ ಬಾಳ ಬೇಕ್ರೀ ಅಂವ!" ಕಣ್ಣಾಗ ನೀರು ದಳದಳ ಇಳಿಯಾಕತ್ತಿತ್ತು, ಒರಸ್ಕೋಲಿಲ್ಲ. "ಹೋಗಬ್ಯಾಡೋ ಮಗನ, ನಿಲ್ಲೋ! ನೀ ಬೇಕೋ ನಮಗ!"

ಆಮ್ಯಾಲ ಯಾರನ್ನ ಹಿಡಿಯೋದು! ಅಷ್ಟೊತ್ತು ತಡದಿಟ್ಟದ್ದೆಲ್ಲ ಒಮ್ಮೆಲೆ ಹೊರಗ ಬಂತು. ಹಲಗಿ, ಸೀಟಿ, ಝಂಡಾ. ಆಪಾ ಓಢಣಿ ಬಿಚ್ಚಿ ಬೀಸಾಕತ್ತಿದ್ದಳು. ಡಾಕ್ಟರು ಮೈಕಿನ್ಯಾಗೇ, "ಹಂಗಾದ್ರ ಆವಾಗ ಯಾಕ ಸುಮ್ನ ಕುಂತಿದ್ರಿ?" ಅಂತ ಕೇಳಿದ್ರು. ಗಡಿಯಾರದಾಗ ಇನ್ನೇನು ಹೊತ್ತು ಮುಗೀತು ಅನ್ನೋವಾಗ ಕೋಚು ಅವ್ರ ಕಿವ್ಯಾಗ ಏನೋ ಅಂದ. ಡಾಕ್ಟರು ನಗಕೋತ, ಒಂದು ಟೀಮಿಗಿ ಇಬ್ಬರು ಕೀಪರ್ ಆದ್ರೂ ಆಗ್ಲಿ ಅಂತ, ನಮ್ಮವನ ಹೆಸರು ಹೇಳಿದ್ರು. ಬಾಗಲದಾಗ ಅಂವ ಬೆನ್ನು ಮಾಡಿ ನಿಂತೇ ಇದ್ದ. ಹೆಂಡ್ತಿ ಅವನ ತೋಳು ಹಿಡದು ನಮ್ಮ ಕಡಿ ತಿರುಗಿಸಿದಳು.

ಮುಗದ ಮ್ಯಾಲ ಹಾಲಿನ ಹೊರಗ ಮೆಟ್ಟಲ ಮ್ಯಾಲ ನಿಂತಿದ್ವಿ. ಅಂವ ಬಂದ. ನಾ ಪೇಡೆ ಕೊಡಾಕ ಹೋದೆ, ಕೈ ಮುಂದ ಮಾಡಲಿಲ್ಲ. "ಕಾಕಾ, ಅಷ್ಟೂ ಮಂದ್ಯಾಗ ನನಗ ಚಪ್ಪಾಳಿ ಹೊಡದಾಕಿ ನನ್ನ ಹೆಂಡ್ತಿ ಒಬ್ಬಾಕಿ. ನಾ ಏನು ತಪ್ಪು ಮಾಡಿದ್ದೆ ಹೇಳ್ರಿ" ಅಂದ. ಸಿಟ್ಟಿನ್ಯಾಗೂ ರೀ ಬಿಡಲಿಲ್ಲ. ನಮ್ಮ ಮನಿಯವ್ರು ಎಲ್ಲಾ ಹೇಳಿದ್ರು. ಹಂಚಿಕಿ, ಆಕಳಿಕಿ, ಯಾದಗಿರಿ ಹುಡುಗನ ಹೆಸರಿಲೆ ಹಲಗಿ ಬಡಿಸಿದ್ದು, ಒಂದೂ ಮುಚ್ಚಿಡಲಿಲ್ಲ. ಕೇಳಿ ಕೇಳಿ ಅವನ ಹೆಂಡ್ತಿ ಮೊದಲು ನಕ್ಕಳು. ಅವಗ ಇನ್ನೂ ನಗು ಬಂದಿರಲಿಲ್ಲ.

"ನಾ ತೊಗರಿ ಏನ್ರೀ ಕಾಕಾ?" ಅಂದ.

"ಅಲ್ಲಪ್ಪಾ. ತಪ್ಪಾತು. ನೀ ನಮ್ಮ ಮನಿ ಮಗ ಇದ್ದಂಗ. ಅದನ್ನ ಹೇಳಾಕ ನನಗ ಬರಾಂಗಿಲ್ಲ, ಏನು ಮಾಡ್ಲಿ" ಅಂದ್ರು ನಮ್ಮ ಮನಿಯವ್ರು. ಹಂಗ ಅನ್ಕೋತನೇ ಹೇಳಿಬಿಟ್ಟಿದ್ರು. ಅಂವ ಪೇಡೆ ತಗೊಂಡು ಅರ್ಧ ಮುರದು ಹೆಂಡ್ತಿಗಿ ಕೊಟ್ಟ. "ಸಂಜೀಗಿ ಅಪ್ಪಗ ಹೇಳಬೇಕು. ಮುಂಜಾನಿಂದ ಬಾಗಲ ಕಡಿ ನೋಡಾಕತ್ತಿರ್ತಾರ" ಅಂದ. ನನಗ ಆವಾಗ ಜೀವ ತಣ್ಣಗಾತು.

ಅಷ್ಟ್ರಾಗ ಆ ಯಾದಗಿರಿ ಹುಡುಗ ಓಡಕೋತ ಬಂದ. ಬಂದವನೇ ನಮ್ಮ ಮನಿಯವ್ರ ಕಾಲು ಮುಟ್ಟಿದ, ಆಪಾಗ ಸಲಾಂ ಮಾಡಿದ, ನನ್ನ ಕಾಲಿಗೂ ಬಗ್ಗಿದ. "ನಮ್ಮೂರಾಗ ನಾ ಆಡೋದು ನೋಡಾಕ ಮನಿಯವ್ರೂ ಬರೋದಿಲ್ರಿ" ಅಂದ. ಉಸಿರು ಹತ್ತಿತ್ತು ಅವಗ. "ನೀವು ಅಷ್ಟು ಮಂದಿ ಒಮ್ಮೆಲೆ ನನಗಂತ ಕೂಗಿದ್ದು... ನಾ ಸಾಯೋತನಕ ಮರಿಯಾಂಗಿಲ್ರಿ."

ಆಪಾ ನೆಲ ನೋಡಿದಳು. ಒಮ್ಮೆ ಖರೇ ಮಾತಾಡಿದ ರುಚಿ ಹತ್ತಿತ್ತೋ ಏನೋ ನಮ್ಮ ಮನಿಯವ್ರಿಗಿ, "ತಮ್ಮಾ, ಅದು ಹಂಗಲ್ಲ..." ಅಂತ ಶುರು ಮಾಡಿದ್ರು. ನಾ ಹಿಂದಿಂದ ಅವ್ರ ಅಂಗಿ ಜಗ್ಗಿದೆ.

ಕಮಲಾಪುರದಂವ ನಡುವ ಬಂದ. ಹುಡುಗನ ಹೆಗಲ ಮ್ಯಾಲ ಕೈ ಹಾಕಿದ. "ಹಂಗಲ್ಲ ಅಂದ್ರ, ಇವತ್ತಿನ ಮಾತಲ್ಲ ಅಂತಾರ ಕಾಕಾ. ವಾರದಿಂದ ಇವ್ರ ಬಾಯಾಗ ನಿಂದೇ ಸುದ್ದಿ. ನನಗಂತೂ ಹೊಟ್ಟಿ ಉರದು ಹೋಗ್ಯಾದ ನೋಡು" ಅಂದ. ಹುಡುಗ ನಾಚಿ ಕೆಂಪಾದ. "ನಡಿ, ಉಣ್ಣೂಣು. ನಾಳಿಂದ ಇಬ್ಬರೂ ಕೂಡೇ ಪ್ರಾಕ್ಟೀಸ್ ಮಾಡಬೇಕು."

ಅವನ್ನ ಮುಂದ ಕಳಿಸಿ, ತಾನು ಒಂದು ಮೆಟ್ಟಲ ವಾಪಸ ಇಳದು ಬಂದು ಸಣ್ಣ ದನಿಲೆ ಅಂದ: "ಅವಗ ಯಾರೂ ಹೇಳಬ್ಯಾಡ್ರಿ ಕಾಕು. ಆ ಸ್ಟೇಜ್ ಮ್ಯಾಲ ಚಪ್ಪಾಳಿ ಇಲ್ದ ನಿಂದ್ರೋದು ಹೆಂಗಿರ್ತದ ಅಂತ ನಾ ನೋಡೀನಿ. ಇನ್ನು ಮ್ಯಾಲ ಅವಗ ಖರೇನೇ ಹೊಡೀರಿ."

ಇಬ್ಬರೂ ಬಾಗಲ ದಾಟಿ ಒಳಗ ಹೋಗಾಕತ್ತಿದ್ರು. ನಮ್ಮ ಮನಿಯವ್ರು ಅಲ್ಲೇ, ಮೆಟ್ಟಲ ಮ್ಯಾಲೇ, ಚಪ್ಪಾಳಿ ಹೊಡಿಯಾಕ ಶುರು ಮಾಡಿದ್ರು. ನಾ ಕೈ ಕೂಡಿಸಿದೆ, ಆಪಾ ಕೂಡಿಸಿದಳು, ಕೂಸು ಎತ್ಕೊಂಡಾಕಿನೂ ಕೂಡಿಸಿದಳು. ಮುಂದ ಹೊಂಟವ್ರು ಇಬ್ಬರೂ ತಿರುಗಿ ನೋಡಿದ್ರು. ಯಾರಿಗಂತ ಅವ್ರು ಕೇಳಲಿಲ್ಲ, ನಾವೂ ಹೇಳಲಿಲ್ಲ.